ಬರದೇ ಇರೋರು ಕೈ ಎತ್ತಿ: ಕ್ಲಸ್ಟರ್ ಸ್ಟೇಟಸ್ ಓದುವ ಸ್ಕ್ರಿಪ್ಟಿನ ಕಥೆ

(ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಲ್ಯಾಬ್ ಸರ್ವರ್‌ಗಳನ್ನು ನೋಡಿಕೊಳ್ಳುವವರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕಮ್ಯಾಂಡುಗಳನ್ನು ಅವತ್ತು ಬಾಯಲ್ಲಿ ಹೇಳಿದ ಹಾಗೆಯೇ ಇಲ್ಲೂ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತನ್ನು ನನಗೆ ಕೊಟ್ಟಿದ್ದಾರೆ. ನಿದ್ದೆ ಬಂದರೆ ಮಾಡಿ, ಬೇಜಾರಿಲ್ಲ. ನಾನು ಬರೆದ ಒಂದು ಸ್ಕ್ರಿಪ್ಟು ಎರಡು ದಿನ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿತ್ತು. ಇವತ್ತಿನ ಮಾತು ಅದರದ್ದೇ.

ಆಗ ನಾನು ಒಂದು ಸಂಶೋಧನಾ ಲ್ಯಾಬಿನ ಕ್ಲಸ್ಟರ್ ನೋಡಿಕೊಳ್ಳುತ್ತಿದ್ದೆ. ಒಟ್ಟಾಗಿ ಕೆಲಸ ಮಾಡೋ 64 ನೋಡ್, ಅಂದರೆ 64 ಕಂಪ್ಯೂಟರು. ಜಾಬ್ ಹಂಚೋದಕ್ಕೆ ಸ್ಲರ್ಮ್. ಗೊತ್ತಿಲ್ಲದವರಿಗೆ ಎರಡೇ ಮಾತು: ನೂರಾರು ಜನ ಒಂದೇ ಕ್ಲಸ್ಟರಿಗೆ ಜಾಬ್ ಹಾಕಿದಾಗ ಯಾರದ್ದು ಯಾವ ನೋಡ್‌ನಲ್ಲಿ, ಯಾವಾಗ ಓಡಬೇಕು ಅಂತ ತೀರ್ಮಾನಿಸುವ ಸಾಫ್ಟ್‌ವೇರ್ ಇದು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2000ದ ದಶಕದ ಶುರುವಿನಲ್ಲಿ ಹುಟ್ಟಿತು. ಈಗ ಜಗತ್ತಿನ ದೊಡ್ಡ ದೊಡ್ಡ ಸೂಪರ್‌ಕಂಪ್ಯೂಟರ್‌ಗಳಲ್ಲಿದೆ. ನಮ್ಮ ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಲ್ಲೂ ಜನರನ್ನು ಕ್ಯೂ ನಿಲ್ಲಿಸೋದು ಇದೇ.

ಸ್ಲರ್ಮ್‌ನಲ್ಲಿ ಎಸ್‌ಇನ್ಫೋ ಅಂತ ಒಂದು ಕಮ್ಯಾಂಡ್ ಇದೆ. ಹೊಡೆದರೆ ಯಾವ ನೋಡ್ ಖಾಲಿ, ಯಾವುದು ಕೆಲಸದಲ್ಲಿದೆ, ಯಾವುದು ಕೆಟ್ಟಿದೆ ಅಂತ ಪಟ್ಟಿ ಕೊಡುತ್ತದೆ. ನನ್ನ ಸ್ಕ್ರಿಪ್ಟ್ ಬಹಳ ಸರಳ. ಹೊತ್ತಿಗೆ ಸರಿಯಾಗಿ ಕಮ್ಯಾಂಡ್ ಓಡಿಸುವ ಕ್ರಾನ್ ಅದನ್ನು ಐದು ನಿಮಿಷಕ್ಕೊಮ್ಮೆ ಎಬ್ಬಿಸುತ್ತದೆ. ಎಸ್‌ಇನ್ಫೋ ಕೊಟ್ಟದ್ದನ್ನು ಪೈಪ್ ಮಾಡಿ, ಅಂದರೆ ನೇರ ಮುಂದಕ್ಕೆ ಹರಿಸಿ, ಪದ ಹುಡುಕೋ ಗ್ರೆಪ್‌ಗೆ ಕೊಡೋದು, 'ಡೌನ್' ಅನ್ನೋ ಪದ ಎಷ್ಟು ಸಾಲಿನಲ್ಲಿದೆ ಅಂತ ಎಣಿಸೋದು. ಸೊನ್ನೆ ಬಂದರೆ ಡ್ಯಾಶ್‌ಬೋರ್ಡಿನಲ್ಲಿ ಹಸಿರು. ಜಾಸ್ತಿ ಬಂದರೆ ಕೆಂಪು, ನನಗೊಂದು ಮೆಸೇಜ್. ಒಂದೂವರೆ ವರ್ಷ ಚೆನ್ನಾಗಿಯೇ ನಡೆಯಿತು.

ಒಂದು ಶುಕ್ರವಾರ ರಾತ್ರಿ ಕಂಟ್ರೋಲರ್ ಸತ್ತುಹೋಯಿತು. ಸ್ಲರ್ಮ್‌ನಲ್ಲಿ ಎಲ್ಲದರ ಲೆಕ್ಕ ಇಟ್ಟುಕೊಳ್ಳೋ ಮುಖ್ಯ ಪ್ರೋಗ್ರಾಂ ಅದು. ಅದೇ ಮೆಷಿನ್ನಿನಲ್ಲಿ ಇನ್ಯಾವುದೋ ಪ್ರೋಗ್ರಾಂ ಮೆಮೊರಿಯನ್ನೆಲ್ಲ ತಿಂದುಹಾಕಿತ್ತು. ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಕೈಗೆ ಸಿಕ್ಕಿದ್ದನ್ನು ಕೊಂದಿತು. ಸಿಕ್ಕಿದ್ದು ಕಂಟ್ರೋಲರ್. ಇಲ್ಲೊಂದು ವಿಷಯ ಗಮನಿಸಿ. ಕಂಟ್ರೋಲರ್ ಹೋದರೂ ಆಗಲೇ ಓಡುತ್ತಿದ್ದ ಜಾಬ್‌ಗಳು ಓಡುತ್ತಲೇ ಇರುತ್ತವೆ. ಹೊಸದು ಶುರುವಾಗೋದಿಲ್ಲ, ಅಷ್ಟೇ. ಹಾಗಾಗಿ ಫ್ಯಾನ್ ಸದ್ದು ಇತ್ತು, ಕರೆಂಟ್ ಖರ್ಚಾಗುತ್ತಿತ್ತು, ಹೊರಗಿನಿಂದ ನೋಡಿದರೆ ಎಲ್ಲ ಸರಿ.

ಆಗ ಎಸ್‌ಇನ್ಫೋ ಏನು ಮಾಡಿತು? ಕಂಟ್ರೋಲರ್ ಸಿಗುತ್ತಿಲ್ಲ ಅಂತ ಒಂದು ಸಾಲು ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ತಪ್ಪುಗಳಿಗೆಂದೇ ಇರೋ ಬೇರೆ ದಾರಿಗೆ, ಬರೆಯಿತು. ಪೈಪ್ ಒಳಗೆ ಏನನ್ನೂ ಹಾಕಲಿಲ್ಲ. ಗ್ರೆಪ್‌ಗೆ ಸಿಕ್ಕಿದ್ದು ಖಾಲಿ. ಖಾಲಿಯಲ್ಲಿ 'ಡೌನ್' ಎಷ್ಟು ಸಲ ಇದೆ? ಸೊನ್ನೆ. ಹಸಿರು.

ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗ್ಗೆವರೆಗೆ ಹಸಿರು. ಐದು ನಿಮಿಷಕ್ಕೊಮ್ಮೆ, ತಪ್ಪದೆ, ಹೊಸ ಟೈಮ್‌ಸ್ಟ್ಯಾಂಪ್ ಹಾಕಿಕೊಂಡು ಹಸಿರು.

ಸ್ಕೂಲಿನಲ್ಲಿ ಹಾಜರಿ ತೆಗೆದುಕೊಳ್ಳೋದು ನೆನಪಿದೆಯಾ? ಮೇಷ್ಟ್ರು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಇದ್ದವರು ಎದ್ದು 'ಬಂದಿದ್ದೇನೆ ಸಾರ್' ಅನ್ನುತ್ತಾರೆ. ಸದ್ದು ಬರಲಿಲ್ಲ ಅಂದರೆ ಗೈರು. ನಾನು ಬರೆದ ಸ್ಕ್ರಿಪ್ಟ್ ಮಾಡುತ್ತಿದ್ದದ್ದು ತಿರುಗಾಮುರುಗಾ. ಕ್ಲಾಸಿಗೆ ಹೋಗಿ 'ಇವತ್ತು ಬರದೇ ಇರೋರು ಕೈ ಎತ್ತಿ' ಅಂತ ಕೇಳಿದ ಹಾಗೆ. ಯಾರೂ ಎತ್ತಲಿಲ್ಲ. ಸರಿ, ಎಲ್ಲರೂ ಬಂದಿದ್ದಾರೆ ಅಂತ ಬರೆದುಕೊಂಡು ಬಂದೆ. ಕ್ಲಾಸ್‌ರೂಮಿಗೆ ಬೀಗ ಹಾಕಿತ್ತು ಅನ್ನೋದನ್ನೂ ನೋಡಲಿಲ್ಲ.

ಮೊದಲು ಮಾಡಿದ ರಿಪೇರಿ, ನಿಮ್ಮಲ್ಲಿ ಹಲವರು ಈಗಲೇ ಮನಸ್ಸಿನಲ್ಲಿ ಅಂದುಕೊಂಡದ್ದೇ. ಶೆಲ್‌ನಲ್ಲಿ ಪೈಪ್ ಹಾಕಿದರೆ ಕೊನೆಯ ಕಮ್ಯಾಂಡಿನ ಎಕ್ಸಿಟ್ ಕೋಡ್, ಅಂದರೆ ಗೆದ್ದೆನೋ ಸೋತೆನೋ ಅಂತ ಅದು ಹೇಳಿಹೋಗೋ ಅಂಕಿ, ಮಾತ್ರ ಉಳಿಯುತ್ತದೆ, ಅದಕ್ಕೂ ಮೊದಲಿನದು ಬಿದ್ದರೂ ಗೊತ್ತಾಗಲ್ಲ. ಅದಕ್ಕೆ ಬ್ಯಾಶ್ ಅನ್ನೋ ಶೆಲ್‌ನಲ್ಲಿ ಪೈಪ್‌ಫೇಲ್ ಅಂತ ಒಂದು ಸೆಟ್ಟಿಂಗ್ ಇದೆ, ಯಾವುದು ಬಿದ್ದರೂ ಇಡೀ ಪೈಪ್ ಬಿತ್ತು ಅನ್ನುತ್ತದೆ. ಹಾಕಿದೆ. ಹಾಕಿದ ಐದೇ ನಿಮಿಷಕ್ಕೆ ಎಲ್ಲ ಕೆಂಪು! ಯಾಕೆ ಅಂದರೆ ಗ್ರೆಪ್‌ಗೆ ಒಂದು ಸ್ವಭಾವ ಇದೆ. ಹುಡುಕಿದ್ದು ಸಿಗದಿದ್ದರೆ ಅದು ಎಕ್ಸಿಟ್ ಕೋಡ್ 1 ಕೊಡುತ್ತದೆ. ನಮಗೆ 'ಡೌನ್' ಸಿಗದೇ ಇರೋದೇ ಒಳ್ಳೆ ಸುದ್ದಿ. ಗ್ರೆಪ್ ಪ್ರಕಾರ ಅದು ಸೋಲು. ಹೀಗೆ ಒಳ್ಳೆ ಸುದ್ದಿಗೂ ಕೆಟ್ಟ ಸುದ್ದಿಗೂ ಒಂದೇ ಮುಖ. ಕೊನೆಗೆ ಪೈಪನ್ನೇ ಬಿಟ್ಟೆ. ಮೊದಲು ಎಸ್‌ಇನ್ಫೋ ಓಡಿಸಿ, ಅದರ ಎಕ್ಸಿಟ್ ಕೋಡ್ ನೋಡಿ, ಕೊಟ್ಟದ್ದನ್ನು ಒಂದು ಫೈಲಿನಲ್ಲಿಟ್ಟು, ಆಮೇಲೆ ಓದೋದು. ಹಳೇ ಕಾಲದ ಪದ್ಧತಿ, ಆದರೆ ಎಲ್ಲಿ ಮುರಿಯಿತು ಅಂತ ಗೊತ್ತಾಗುತ್ತದೆ. ಎಸ್‌ಇನ್ಫೋ ಮುಂದೆ, ಹೊತ್ತು ಮೀರಿದರೆ ನಿಲ್ಲಿಸುವ ಟೈಮ್‌ಔಟ್ ಕಮ್ಯಾಂಡನ್ನೂ ಸೇರಿಸಿದೆ. ಕಂಟ್ರೋಲರ್ ಸಾಯದೆ ಬರೀ ಏದುಸಿರು ಬಿಡುತ್ತಿದ್ದರೆ ಎಸ್‌ಇನ್ಫೋ ಕಾಯುತ್ತಾ ಕೂತುಬಿಡುತ್ತದೆ. ಕ್ರಾನ್ ಮಾತ್ರ ಕಾಯಲ್ಲ, ಐದು ನಿಮಿಷಕ್ಕೆ ಇನ್ನೊಂದನ್ನು ಕಳಿಸುತ್ತದೆ. ಬೆಳಗಾಗೋದರೊಳಗೆ ನೂರು ಎಸ್‌ಇನ್ಫೋಗಳು ಒಂದೇ ಬಾಗಿಲು ಬಡಿಯುತ್ತಿರುತ್ತವೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತು ಇಲ್ಲಿಗೆ ಬರುತ್ತಿರಲಿಲ್ಲ. ಆ ಸೋಮವಾರ ಹೊಟ್ಟೆ ಉರಿದುಕೊಂಡು ಎಸ್‌ಇನ್ಫೋ ಔಟ್‌ಪುಟ್ಟನ್ನು ಮೊದಲ ಸಲ ಸರಿಯಾಗಿ ಓದಿದೆ. ಒಂದೂವರೆ ವರ್ಷ ದಿನಾ ನೋಡಿದ್ದೆ, ಓದಿರಲಿಲ್ಲ.

ನಕ್ಷತ್ರದಿಂದ ಶುರು ಮಾಡೋಣ. ಆ ಪಟ್ಟಿಯಲ್ಲಿ ಕೆಲವು ಹೆಸರುಗಳ ಕೊನೆಗೆ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ನೋಡ್‌ಗಳ ಗುಂಪಿಗೆ ಪಾರ್ಟಿಷನ್ ಅನ್ನುತ್ತಾರೆ, ಅದರ ಹೆಸರಿನ ಕೊನೆಗೆ ಇದ್ದರೆ 'ಇದು ಡೀಫಾಲ್ಟ್ ಪಾರ್ಟಿಷನ್' ಅಂತ ಅರ್ಥ. ಏನೂ ತೊಂದರೆ ಇಲ್ಲ. ಅದೇ ನಕ್ಷತ್ರ ಸ್ಟೇಟ್ ಕಾಲಮ್ಮಿನಲ್ಲಿದ್ದರೆ 'ಈ ನೋಡ್ ಉತ್ತರ ಕೊಡುತ್ತಿಲ್ಲ' ಅಂತ. ಒಂದೇ ಸಾಲು, ಒಂದೇ ಚಿಹ್ನೆ, ಎರಡು ಅರ್ಥ. ನೋಡೋ ಮನುಷ್ಯನಿಗೆ ಇದು ಕಷ್ಟವೇ ಅಲ್ಲ. ಸಾಲಿನಲ್ಲಿ ನಕ್ಷತ್ರ ಇದೆಯಾ ಅಂತ ಹುಡುಕೋ ಸ್ಕ್ರಿಪ್ಟಿಗೆ ಇದು ಗುಂಡಿ.

'ಐಡಲ್' ಪಕ್ಕ ನಕ್ಷತ್ರ ಇರೋದೂ ಉಂಟು. ಅಂದರೆ ಕಂಟ್ರೋಲರ್ ಲೆಕ್ಕದಲ್ಲಿ ನೋಡ್ ಖಾಲಿ ಇದೆ, ಆದರೆ ಈಗ ಕೂಗಿದರೆ ಓಗೊಡುತ್ತಿಲ್ಲ. ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ದರೆ ಅದು ಡೌನ್ ಆಗುತ್ತದೆ. ನಾನು 'ಡೌನ್' ಅನ್ನೋ ಪದ ಬರೋವರೆಗೂ ಕಾಯುತ್ತಿದ್ದೆ. ಕಾಯಿಲೆಯ ಸುಳಿವು ಮೊದಲೇ ಆ ಚುಕ್ಕಿಯಲ್ಲಿತ್ತು. ಪದದ ಬಾಲಕ್ಕೆ ಅಂಟಿಕೊಳ್ಳೋ ಇಂಥ ಚಿಹ್ನೆಗಳು ಇನ್ನೂ ಇವೆ. ಅಲೆ ಚಿಹ್ನೆ ಇದ್ದರೆ ಕರೆಂಟ್ ಉಳಿಸಲು ಮಲಗಿಸಿದ ನೋಡ್, ಡಾಲರ್ ಇದ್ದರೆ ಮೇಂಟೆನೆನ್ಸ್‌ಗೆ ಕಾಯ್ದಿರಿಸಿದ್ದು, ಅಟ್ ಚಿಹ್ನೆ ಇದ್ದರೆ ರೀಬೂಟ್ ಬಾಕಿ. ಹೊಸ ಆವೃತ್ತಿಗಳಲ್ಲಿ ಹೊಸ ಬಾಲಗಳು ಸೇರಿವೆ. ಸ್ಟೇಟ್ 'ಐಡಲ್' ಪದಕ್ಕೆ ಸಮ ಇದೆಯಾ ಅಂತ ಹೋಲಿಸಿ ನೋಡುವ ಸ್ಕ್ರಿಪ್ಟಿಗೆ ಬಾಲ ಇರೋ ಐಡಲ್ ಕಾಣೋದೇ ಇಲ್ಲ.

'ಡೌನ್' ಹುಡುಕೋದರಲ್ಲೂ ಪೇಚಾಟ ಇದೆ. ಸ್ಲರ್ಮ್‌ನ ಇನ್ನೊಂದು ಕಮ್ಯಾಂಡ್ ಎಸ್‌ಕಂಟ್ರೋಲ್‌ಗೆ ಒಂದು ನೋಡ್‌ನ ವಿವರ ಕೇಳಿ. ಮಲಗಿಸಿದ ನೋಡ್ ಆದರೆ ಸ್ಟೇಟ್ ಜಾಗದಲ್ಲಿ 'ಐಡಲ್ ಪ್ಲಸ್ ಪವರ್ಡ್ ಡೌನ್' ಅಂತ ಬರುತ್ತದೆ. ಆ 'ಪವರ್ಡ್ ಡೌನ್' ಒಳಗೆ ಡೌನ್ ಇದೆಯಲ್ಲ? ಗ್ರೆಪ್‌ಗೆ ಅಷ್ಟು ಸಾಕು, ಸುಖವಾಗಿ ಮಲಗಿದವನನ್ನು ಸತ್ತ ಅಂತ ಬರೆದುಕೊಳ್ಳುತ್ತದೆ. ನಮ್ಮಲ್ಲಿ ಗಾದೆ ಇದೆಯಲ್ಲ, ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಗ್ರೆಪ್ ಆ ಜಾತಿಯದ್ದು.

ಆ 'ಪ್ಲಸ್' ಅನ್ನೋದು ನಿಜಕ್ಕೂ ಮುಖ್ಯ. ಸ್ಲರ್ಮ್ ಒಳಗೆ ನೋಡ್‌ನ ಸ್ಥಿತಿ ಒಂದು ಪದ ಅಲ್ಲ. ಒಂದು ಮೂಲ ಸ್ಥಿತಿ, ಅದರ ಮೇಲೆ ಹಲವು ಬಾವುಟಗಳು. ಖಾಲಿ ಇರೋ ನೋಡ್‌ಗೆ ಡ್ರೇನ್ ಬಾವುಟ ಹಾಕಿದರೆ ಎಸ್‌ಇನ್ಫೋ ಅದನ್ನು 'ಡ್ರೇನ್ಡ್' ಅನ್ನುತ್ತದೆ. ಜಾಬ್ ಓಡುತ್ತಿರೋ ನೋಡ್‌ಗೆ ಅದೇ ಬಾವುಟ ಹಾಕಿದರೆ 'ಡ್ರೈನಿಂಗ್'. ಅಂದರೆ ಇರೋ ಜಾಬ್ ಮುಗಿಯಲಿ, ಹೊಸದು ಬೇಡ ಅಂತ. ಎಸ್‌ಇನ್ಫೋ ಎರಡು ಮೂರು ಸಂಗತಿಗಳನ್ನು ಮಡಚಿ ನಮ್ಮ ಕಣ್ಣಿಗೆ ಹಿತವಾಗುವ ಒಂದು ಪದ ಮಾಡಿ ಕೊಡುತ್ತದೆ. ನಾವು ಪಾರ್ಸರ್, ಅಂದರೆ ಔಟ್‌ಪುಟ್ಟನ್ನು ಬಿಡಿಸಿ ಓದುವ ಕೋಡ್, ಬರೆದು ಆ ಮಡಿಕೆಯನ್ನು ಬಿಚ್ಚೋಕೆ ಒದ್ದಾಡುತ್ತೇವೆ. ಮಡಚುವ ಮೊದಲಿನದ್ದನ್ನೇ ಕೇಳಿ ಪಡೆಯಬಹುದಿತ್ತು, ಅಲ್ವಾ?

ಈಗ ಎಣಿಕೆ. ಎಸ್‌ಇನ್ಫೋಗೆ ಮೈನಸ್ ದೊಡ್ಡ ಎನ್ ಕೊಟ್ಟರೆ ಸಾಲಿಗೊಂದು ನೋಡ್ ಬರುತ್ತದೆ ಅಂತ ನಾನು ನಂಬಿದ್ದೆ. ಅರ್ಧ ನಿಜ. ಒಂದೇ ನೋಡ್ ಎರಡು ಪಾರ್ಟಿಷನ್‌ನಲ್ಲಿದ್ದರೆ ಎರಡು ಸಲ ಬರುತ್ತದೆ. ನಮ್ಮಲ್ಲಿ 16 ನೋಡ್‌ಗಳು ಹೀಗೆ ಎರಡು ಕಡೆ ಇದ್ದವು. ಹಾಗಾಗಿ 64 ನೋಡ್‌ಗಳ ಕ್ಲಸ್ಟರ್ ನನ್ನ ವರದಿಯಲ್ಲಿ 80 ಆಗಿತ್ತು. ಆ ವರದಿ ಪ್ರತಿ ತಿಂಗಳು ಮೇಲಿನವರಿಗೆ ಹೋಗುತ್ತಿತ್ತು. ಯಾರೂ ಕೇಳಲಿಲ್ಲ. ಜಾಸ್ತಿ ಬಂದದ್ದನ್ನು ಯಾರು ಕೇಳುತ್ತಾರೆ?

ಜಾಬ್ ಕ್ಯೂ ತೋರಿಸುವ ಎಸ್‌ಕ್ಯೂನಲ್ಲಿ ಇದರ ಉಲ್ಟಾ. ಒಬ್ಬರು ಜಾಬ್ ಅರೇ ಮಾಡಿ ನೂರು ಜಾಬ್ ಹಾಕಿದರೆ, ಇನ್ನೂ ಶುರುವಾಗದೆ ಕಾಯುತ್ತಿರೋದೆಲ್ಲ ಒಂದೇ ಸಾಲಿನಲ್ಲಿ, ಚೌಕ ಬ್ರಾಕೆಟ್ ಒಳಗೆ '5ರಿಂದ 100' ಅನ್ನೋ ರೀತಿ ಬರುತ್ತವೆ. ಸಾಲು ಎಣಿಸಿದರೆ ಕಾಯುತ್ತಿರೋದು ಒಂದೇ ಜಾಬ್. ನೋಡ್ ಹೆಸರುಗಳಿಗೂ ಇದೇ ಬ್ರಾಕೆಟ್ ಸಂಕ್ಷೇಪ ಇದೆ. ಬ್ರಾಕೆಟ್ ಒಳಗೂ ಅಲ್ಪವಿರಾಮ, ಹೊರಗೂ ಅಲ್ಪವಿರಾಮ. ಅಲ್ಪವಿರಾಮದಲ್ಲಿ ಕತ್ತರಿಸೋ ಸ್ಕ್ರಿಪ್ಟ್ ನೋಡ್ ಹೆಸರನ್ನು ಅರ್ಧಕ್ಕೆ ಕತ್ತರಿಸುತ್ತದೆ. ಇದನ್ನು ಬಿಡಿಸೋಕೆ ನಾನು ನಲವತ್ತು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಷನ್ ಸರ್ಕಸ್ ಬರೆದಿದ್ದೆ. ಹೆಮ್ಮೆಯೂ ಇತ್ತು. ಎಸ್‌ಕಂಟ್ರೋಲ್‌ನಲ್ಲೇ 'ಶೋ ಹೋಸ್ಟ್‌ನೇಮ್ಸ್' ಅಂತ ಇದೆ, ಅದೇ ಬಿಡಿಸಿ ಕೊಡುತ್ತದೆ ಅಂತ ಆಮೇಲೆ ತಿಳಿಯಿತು. ಆ ನಲವತ್ತು ಸಾಲು ಅಳಿಸುವಾಗ ಸ್ವಲ್ಪ ಸಂಕಟ ಆಯಿತು ಅನ್ನೋದು ಸುಳ್ಳಲ್ಲ.

ಕಾಲಮ್ ಅಗಲದ ಕಥೆ ನಮ್ಮ ಊರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಎಸ್‌ಕ್ಯೂ ತಾನಾಗಿ ತೋರಿಸೋ ಪಟ್ಟಿಯಲ್ಲಿ ಯೂಸರ್ ಹೆಸರಿಗೆ ಎಂಟು ಅಕ್ಷರದ ಜಾಗ. ಜಾಸ್ತಿ ಇದ್ದರೆ ಕತ್ತರಿ. ಮಂಜುನಾಥ ಅನ್ನೋ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಒಂಬತ್ತೋ ಹತ್ತೋ ಅಕ್ಷರ. ನಮ್ಮ ಲ್ಯಾಬಿನಲ್ಲಿ ಮೂವರು ಮಂಜುನಾಥ ಇದ್ದರು. ಒಬ್ಬನ ಲಾಗಿನ್ ಕೊನೆಗೆ ಕೆ, ಇನ್ನೊಬ್ಬನದ್ದಕ್ಕೆ ಎಸ್, ಮತ್ತೊಬ್ಬನದ್ದಕ್ಕೆ 2. ಆ ಪಟ್ಟಿಯಲ್ಲಿ ಮೂವರೂ ಒಬ್ಬನೇ. ಯಾರು ಎಷ್ಟು ಗಂಟೆ ಬಳಸಿದರು ಅಂತ ನಾನು ಲೆಕ್ಕ ಹಾಕಿದಾಗ ಆ ಒಬ್ಬ 'ಮಂಜುನಾಥ' ಇಡೀ ಕ್ಲಸ್ಟರನ್ನು ನುಂಗಿದ್ದ. ಅವನಿಗೊಂದು ಖಾರದ ಮೇಲ್ ಕೂಡ ಕಳಿಸಿದೆ. ಮೂವರಲ್ಲಿ ಯಾರಿಗೆ ಕಳಿಸಿದೆ ಅಂತ ಈಗ ನೆನಪಿಲ್ಲ, ಯಾರಿಗೇ ಆದರೂ ಕ್ಷಮೆ ಇರಲಿ.

ಇದಕ್ಕೆ ಮದ್ದು ಸುಲಭ. ಯಾವ ಕಾಲಮ್ ಬೇಕು, ಎಷ್ಟು ಅಗಲ, ನಡುವೆ ಯಾವ ಗುರುತು ಅಂತ ನಾವೇ ಹೇಳಬಹುದು. ಮೈನಸ್ ಸಣ್ಣ ಓ ಕೊಟ್ಟು, ಅಗಲದ ಅಂಕಿ ಹಾಕದೆ, ನಡುವೆ ನೆಟ್ಟಗಿನ ಗೆರೆ ಇಟ್ಟರೆ ಕತ್ತರಿ ಬೀಳಲ್ಲ. ಹಳೇ ಜಾಬ್‌ಗಳ ಲೆಕ್ಕ ಕೊಡುವ ಎಸ್‌ಆಕ್ಟ್‌ನಲ್ಲಂತೂ 'ಪಾರ್ಸಬಲ್' ಅಂತಲೇ ಆಯ್ಕೆ ಇದೆ, ಜೊತೆಗೆ 'ಪಾರ್ಸಬಲ್ 2' ಕೂಡ. ಮೊದಲನೆಯದು ಸಾಲಿನ ಕೊನೆಗೂ ಒಂದು ಗೆರೆ ಹಾಕುತ್ತದೆ, ಎರಡನೆಯದು ಹಾಕಲ್ಲ. ನೋಡಿ, ಯಂತ್ರಕ್ಕೆಂದೇ ಮಾಡಿದ್ದನ್ನೂ ಒಮ್ಮೆ ತಿದ್ದಬೇಕಾಯಿತು.

ಹಾಗೆ ಮಾಡಿಯೂ ಒಮ್ಮೆ ಬಿದ್ದೆ. ಒಬ್ಬ ಮಹಾನುಭಾವ ತನ್ನ ಜಾಬ್ ಹೆಸರಿನಲ್ಲೇ ನೆಟ್ಟಗಿನ ಗೆರೆ ಹಾಕಿದ್ದ. ಕಾಲಮ್ಮೆಲ್ಲ ಒಂದು ಮನೆ ಬಲಕ್ಕೆ ಸರಿಯಿತು. ಅವತ್ತಿನಿಂದ ನನ್ನದೊಂದು ಅಭ್ಯಾಸ: ಮನುಷ್ಯರು ಟೈಪ್ ಮಾಡುವ ಯಾವುದೇ ಇರಲಿ, ಜಾಬ್ ಹೆಸರು, ನೋಡ್ ಕೆಟ್ಟ ಕಾರಣ, ಎಲ್ಲ ಸಾಲಿನ ತುತ್ತತುದಿಗೆ. ಸ್ಪ್ಲಿಟ್ ಮಾಡುವಾಗ 'ಇಷ್ಟೇ ಸಲ ಕತ್ತರಿಸು, ಉಳಿದದ್ದು ಹಾಗೇ ಇರಲಿ' ಅಂತ ಹೇಳೋದು. ಒಂದೇ ಸಾಲಿನಲ್ಲಿ ಅಂಥವು ಎರಡಿದ್ದರೆ? ಎರಡು ಸಲ ಕೇಳಿ. ನಾಚಿಕೆ ಯಾಕೆ.

ಕಾರಣದ ಕಾಲಮ್ ಬಗ್ಗೆ ಇನ್ನೊಂದು ಮಾತು. ನೋಡ್ ಯಾಕೆ ಕೆಟ್ಟಿದೆ ಅಂತ ಕೆಲವು ಸಲ ಸ್ಲರ್ಮ್ ತಾನೇ ಬರೆಯುತ್ತದೆ. ಉತ್ತರ ಇಲ್ಲ, ಮೆಮೊರಿ ಹೇಳಿದ್ದಕ್ಕಿಂತ ಕಡಿಮೆ ಇದೆ, ಜಾಬನ್ನು ಕೊಲ್ಲಲು ಆಗಲಿಲ್ಲ, ಹೀಗೆ. ಎಸ್‌ಇನ್ಫೋ ಮೈನಸ್ ದೊಡ್ಡ ಆರ್ ಈ ಕಾರಣಗಳ ಪಟ್ಟಿ ಕೊಡುತ್ತದೆ, ಆದರೆ ತಾನಾಗಿ ತೋರಿಸೋದು ಮೊದಲ 20 ಅಕ್ಷರ. ನನ್ನ ಜೊತೆಗಿದ್ದವರು ಕಾರಣ ಬರೆಯುವಾಗ ಮೊದಲು ತಮ್ಮ ಹೆಸರು, ದಿನಾಂಕ, ಆಮೇಲೆ ವಿಷಯ ಬರೆಯುತ್ತಿದ್ದರು. 20 ಅಕ್ಷರ ಹೆಸರು ದಿನಾಂಕಕ್ಕೇ ಮುಗಿದುಹೋಗುತ್ತಿತ್ತು. ಯಾರು ಬರೆದರು, ಯಾವಾಗ ಬರೆದರು ಅನ್ನೋದನ್ನು ಸ್ಲರ್ಮ್ ಹೇಗೂ ಬೇರೆ ಇಡುತ್ತದೆ.

ಇನ್ನು 'ನನ್ನ ಹತ್ತಿರ ಸರಿಯಾಗಿ ಬರುತ್ತೆ ಕಣೋ' ಅನ್ನೋ ಕಾಯಿಲೆ. ಎಸ್‌ಇನ್ಫೋ ಹೇಗೆ ತೋರಿಸಬೇಕು ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕವೂ ಹೇಳಬಹುದು. ನಾನು ಅದನ್ನು ಯಾವತ್ತೋ ನನ್ನ ಬ್ಯಾಶ್ ಫೈಲಿಗೆ ಹಾಕಿಕೊಂಡು ಮರೆತಿದ್ದೆ. ನನ್ನ ಟರ್ಮಿನಲ್ಲಿನಲ್ಲಿ ಸ್ಕ್ರಿಪ್ಟ್ ಓಡಿಸಿದರೆ ಒಂದು ಥರ, ಕ್ರಾನ್‌ನಲ್ಲಿ ಓಡಿದರೆ ಇನ್ನೊಂದು ಥರ. ಕ್ರಾನ್ ನಮ್ಮ ಬ್ಯಾಶ್ ಫೈಲ್ ಓದೋದಿಲ್ಲವಲ್ಲ. ಫಾರ್ಮ್ಯಾಟನ್ನು ಸ್ಕ್ರಿಪ್ಟಿನಲ್ಲೇ ಬರೆಯಿರಿ. ಡೀಫಾಲ್ಟ್ ಮೇಲೆ ನೆಚ್ಚಿಕೊಳ್ಳಬೇಡಿ.

ಇಷ್ಟೊತ್ತಿಗೆ ಹಿಂದಿನ ಬೆಂಚಿನವರು ಜೇಸನ್ ಅಂತ ಪಿಸುಗುಡುತ್ತಿದ್ದಾರೆ, ಯಂತ್ರ ಸುಲಭವಾಗಿ ಓದುವ ಬರಹದ ರೂಪ ಅದು. ಕೇಳಿಸುತ್ತಿದೆ. ಹೌದು, ಈಚಿನ ಸ್ಲರ್ಮ್‌ನಲ್ಲಿ ಎಸ್‌ಇನ್ಫೋ, ಎಸ್‌ಕ್ಯೂ ಎರಡೂ ಜೇಸನ್ ಕೊಡುತ್ತವೆ. ನಿಮ್ಮಲ್ಲಿ ಇದ್ದರೆ ಅದನ್ನೇ ಬಳಸಿ. ಬಾಲದ ಚಿಹ್ನೆ, ಕತ್ತರಿ, ಬ್ರಾಕೆಟ್, ಅರ್ಧಕ್ಕರ್ಧ ತಲೆನೋವು ಹೋಗುತ್ತದೆ. ಆದರೆ ಅದೂ ವರ್ಷದಿಂದ ವರ್ಷಕ್ಕೆ ರೂಪ ಬದಲಿಸಿದೆ. ಮುಂಚೆ ಬರೀ ಒಂದು ಪದವಾಗಿದ್ದ ಸ್ಟೇಟ್ ಆಮೇಲೆ ಪದಗಳ ಪಟ್ಟಿಯಾಯಿತು. ಒಳಗಿನ ಸತ್ಯಕ್ಕೆ ಅದೇ ಹತ್ತಿರ ಅನ್ನೋದು ಒಪ್ಪತಕ್ಕ ಮಾತು, ಹಳೇ ಸ್ಕ್ರಿಪ್ಟ್ ಮಾತ್ರ ಮುರಿಯಿತು. ಜೇಸನ್ ಇದ್ದರೂ ಕಂಟ್ರೋಲರ್ ಸತ್ತಾಗ ಏನು ಬರುತ್ತದೆ ಅನ್ನೋ ಪ್ರಶ್ನೆಯಂತೂ ಹಾಗೇ ಉಳಿಯುತ್ತದೆ.

ಸ್ಲರ್ಮ್ ಒಂದನ್ನೇ ಬೈಯೋದು ನ್ಯಾಯ ಅಲ್ಲ. ಕಸ್ಸಾಂಡ್ರ ಡೇಟಾಬೇಸಿನ ನೋಡ್‌ಟೂಲ್ ಸ್ಟೇಟಸ್ ನೋಡಿ. ಲೋಡ್ ಅನ್ನೋ ಕಾಲಮ್ಮಿನಲ್ಲಿ ಸಂಖ್ಯೆ, ಒಂದು ಖಾಲಿ ಜಾಗ, ಆಮೇಲೆ ಅಳತೆ. ಖಾಲಿ ಜಾಗ ಕಂಡಲ್ಲಿ ಕತ್ತರಿಸುವ ಆಕ್‌ಗೆ ಅದು ಎರಡು ಕಾಲಮ್. ಲೋಡ್ ಗೊತ್ತಾಗದಿದ್ದರೆ ಅಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಈಗ ಅದು ಒಂದು ಕಾಲಮ್. ಅಂದರೆ ನೋಡ್ ಕೆಟ್ಟಾಗ ಮಾತ್ರ ಕಾಲಮ್ ಎಡಕ್ಕೆ ಸರಿಯುತ್ತದೆ! ಎಲ್ಲ ಚೆನ್ನಾಗಿದ್ದಾಗ ಪಾರ್ಸರ್ ಸರಿ, ನಮಗೆ ಅದು ಬೇಕಾದ ಹೊತ್ತಿಗೆ ತಪ್ಪು. ಹಲವು ಮೆಷಿನ್‌ಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸುವ ಕ್ಯೂಬರ್ನೆಟಿಸ್‌ನಲ್ಲಿ ಪಾಡ್ (ಅಲ್ಲಿ ಓಡುವ ಪ್ರೋಗ್ರಾಂನ ಘಟಕ) ಎಷ್ಟು ಸಲ ರೀಸ್ಟಾರ್ಟ್ ಆಯಿತು ಅನ್ನೋ ಕಾಲಮ್ ಮೊದಲು ಬರೀ ಸಂಖ್ಯೆ. ಆಮೇಲೆ ಅದಕ್ಕೆ 'ಇಷ್ಟು ಹೊತ್ತಿನ ಹಿಂದೆ' ಅಂತ ಬ್ರಾಕೆಟ್ ಸೇರಿಸಿದರು. ಓದೋರಿಗೆ ಬಹಳ ಉಪಯೋಗ. ರೀಸ್ಟಾರ್ಟ್ ಆಗದ ಪಾಡ್‌ಗೆ ಬ್ರಾಕೆಟ್ ಇಲ್ಲ, ಆದದ್ದಕ್ಕೆ ಇದೆ. ಮತ್ತೆ ಅದೇ ಕಥೆ. ಸಾಮಾನ್ಯ ದಿನದ ಔಟ್‌ಪುಟ್ ನೋಡಿ ಪಾರ್ಸರ್ ಬರೆಯುತ್ತೇವೆ, ಔಟ್‌ಪುಟ್ ಆಕಾರ ಬದಲಾಗೋದು ಕೆಟ್ಟ ದಿನ.

ಅದಕ್ಕೇ ನಾನೊಂದು ಫೋಲ್ಡರ್ ಇಟ್ಟುಕೊಂಡಿದ್ದೇನೆ. ಹೆಸರು 'ಕೆಟ್ಟ ದಿನಗಳು'. ಏನಾದರೂ ಎಡವಟ್ಟಾದಾಗ, ಸರಿ ಮಾಡೋ ಮೊದಲು ಸ್ಟೇಟಸ್ ಔಟ್‌ಪುಟ್ಟನ್ನು ಹಾಗೇ ಒಂದು ಫೈಲಿಗೆ ಹಾಕಿ ಅಲ್ಲಿಡೋದು. ಪಾರ್ಸರ್ ತಿದ್ದಿದಾಗಲೆಲ್ಲ ಅವನ್ನೆಲ್ಲ ತಿನ್ನಿಸಿ ನೋಡೋದು. ಅದರಲ್ಲಿ ಮೊದಲ ಫೈಲ್ ಸೊನ್ನೆ ಬೈಟ್. ಆ ಶುಕ್ರವಾರದ್ದು.

ಈಗಿನ ಸ್ಕ್ರಿಪ್ಟ್ ಹಾಜರಿ ಕೂಗುತ್ತದೆ. 64 ಹೆಸರು ಒಂದು ಫೈಲಿನಲ್ಲಿವೆ. ಔಟ್‌ಪುಟ್‌ನಲ್ಲಿ ಬಂದ ಹೆಸರುಗಳಲ್ಲಿ ಎರಡೆರಡು ಸಲ ಬಂದದ್ದು ತೆಗೆದು, ಆ ಪಟ್ಟಿಗೆ ತಾಳೆ ನೋಡುತ್ತದೆ. ಒಬ್ಬ ಕಡಿಮೆಯಾದರೂ ಹಸಿರು ಕೊಡೋದಿಲ್ಲ. ಗೊತ್ತಿಲ್ಲದ ಪದ, ಗೊತ್ತಿಲ್ಲದ ಬಾಲ ಕಂಡರೆ ಊಹೆ ಮಾಡೋದಿಲ್ಲ, 'ಗೊತ್ತಿಲ್ಲ' ಅನ್ನುತ್ತದೆ. ಈ 'ಗೊತ್ತಿಲ್ಲ' ಅನ್ನೋ ಉತ್ತರ ನನ್ನ ಕಲ್ಪನೆ ಏನಲ್ಲ. ಸರ್ವರ್‌ಗಳ ಕಾವಲು ಕಾಯುವ ನೇಜಿಯೋಸ್‌ನಲ್ಲಿ ಬಹಳ ಹಿಂದಿನಿಂದ ಹೀಗೇ ಇದೆ: ಸೊನ್ನೆ ಅಂದರೆ ಸರಿ, 1 ಅಂದರೆ ಎಚ್ಚರಿಕೆ, 2 ಅಂದರೆ ಅಪಾಯ, 3 ಅಂದರೆ ಗೊತ್ತಿಲ್ಲ. ಜನ ಮೊದಲ ಮೂರು ಉತ್ತರಗಳನ್ನು ಮಾತ್ರ ಬಳಸಿ ನಾಲ್ಕನೆಯದನ್ನು ಸುಮ್ನೆ ಬಿಟ್ಟಿರುತ್ತಾರೆ. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಬೂದು ಬಣ್ಣ ಕೊಟ್ಟೆವು. ಮೊದಲ ತಿಂಗಳು ದಿನಾ ಬೂದು. ಬೈಸಿಕೊಂಡೆ. ಆ ಪ್ರತಿ ಬೂದಿನ ಹಿಂದೆಯೂ ನಾನು ಓದಿಯೇ ಇರದ ಒಂದು ಚಿಹ್ನೆಯೋ ಪದವೋ ಇತ್ತು.

ಅವಸರದಲ್ಲಿ ಇನ್ನೊಂದು. ಐದು ನಿಮಿಷವನ್ನು ಐದು ಸೆಕೆಂಡ್ ಮಾಡಬೇಡಿ. ಪ್ರತಿ ಎಸ್‌ಕ್ಯೂ ಕರೆಗೂ ಕಂಟ್ರೋಲರ್ ಕೈಲಿದ್ದ ಕೆಲಸ ಬಿಟ್ಟು ಉತ್ತರ ಕೊಡಬೇಕು. ಲೂಪಿನಲ್ಲಿ ಹಾಕಿ ಓಡಿಸಬೇಡಿ ಅಂತ ಎಸ್‌ಕ್ಯೂ ಕೈಪಿಡಿಯಾದ ಮ್ಯಾನ್ ಪೇಜ್‌ನಲ್ಲೇ ಬರೆದಿದ್ದಾರೆ. ಹುಷಾರಾಗಿದ್ದೀಯಾ ಅಂತ ನಿಮಿಷಕ್ಕೆ ಹತ್ತು ಸಲ ಎಬ್ಬಿಸಿ ಕೇಳಿದರೆ ಹುಷಾರಾಗಿದ್ದವರಿಗೂ ತಲೆನೋವು ಬರುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಎರಡನೇ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು: "ಸರ್, ಶುಕ್ರವಾರ ರಾತ್ರಿಯಿಂದ ಸೋಮವಾರದವರೆಗೆ ನಿಜವಾಗಿ ಯಾರಿಗೂ ಗೊತ್ತಾಗಲಿಲ್ವಾ?"

ಒಬ್ಬರಿಗೆ ಗೊತ್ತಾಗಿತ್ತು. ನಮ್ಮ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿನಿ ಒಬ್ಬರು ಶನಿವಾರ ಬೆಳಗ್ಗೆಯೇ ಜಾಬ್ ಹಾಕಿದ್ದರು. ಕಂಟ್ರೋಲರ್ ಸಿಗುತ್ತಿಲ್ಲ ಅಂತ ಎರರ್ ಬಂತು. ನೇರವಾದ ಎರರ್, ಓದಿದರೆ ಅರ್ಥವಾಗುವಂಥದ್ದು. ಅವರು ನನ್ನ ಡ್ಯಾಶ್‌ಬೋರ್ಡ್ ತೆಗೆದು ನೋಡಿದರು. ಹಸಿರು. ಹಿಂದಿನ ದಿನ ತಮ್ಮ ಅಕೌಂಟಿನಲ್ಲಿ ಕೋಂಡಾ ಎನ್ವಿರಾನ್‌ಮೆಂಟ್, ಅಂದರೆ ತಮಗೆ ಬೇಕಾದ ಸಾಫ್ಟ್‌ವೇರ್‌ಗಳ ಕಟ್ಟು, ಬದಲಿಸಿದ್ದರಂತೆ. ಕ್ಲಸ್ಟರ್ ಸರಿ ಇದೆ ಅಂದ ಮೇಲೆ ತಪ್ಪು ತಮ್ಮದೇ ಇರಬೇಕು ಅಂದುಕೊಂಡು, ಶನಿವಾರ ಪೂರ್ತಿ, ಭಾನುವಾರ ಪೂರ್ತಿ ಅದನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾ ಕೂತಿದ್ದರು. ಸೋಮವಾರ ಬೆಳಗ್ಗೆ ನನ್ನ ಟೇಬಲ್ ಹತ್ತಿರ ಬಂದು ಮೊದಲು ಹೇಳಿದ್ದು, "ಸರ್, ಸಾರಿ, ನಾನೇ ಏನೋ ಹಾಳು ಮಾಡಿಕೊಂಡಿದ್ದೀನಿ ಅನ್ಸುತ್ತೆ."